1907ರ ಇಂಗ್ಲಿಷ್ ಅಜ್ಜಿ ವೆನಿಸ್‌ನಿಂದ ಗೆಳತಿಗೆ ಕಾಗದ ಬರೆದರೆ ‘ನೀನು’ ಅಂತಾಳೋ ‘ನೀವು’ ಅಂತಾಳೋ? (ಜೊತೆಗೆ ಪಾಸ್‌ಪೋರ್ಟ್ ಪ್ರಶ್ನೆ)

ಕಾಗದದ_ದೋಣಿ

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಶುರು ಮಾಡಿ ಅರ್ಧದಲ್ಲಿ ಸಿಕ್ಕಿಕೊಂಡಿದ್ದೀನಿ. ಇಲ್ಲಿ ಇತಿಹಾಸ, ರೈಲು, ಅಂಚೆಚೀಟಿ ಅಂತೆಲ್ಲ ತಲೆಕೆಡಿಸಿಕೊಂಡಿರುವವರು ಬಹಳ ಇದ್ದೀರಿ ಅಂತ ಕೇಳ್ತಿದ್ದೀನಿ.

ಕಥೆ ಪೂರ್ತಿ ಪತ್ರಗಳಲ್ಲೇ ನಡೆಯುತ್ತೆ. 1907ರ ಏಪ್ರಿಲ್‌ನಿಂದ ಜೂನ್, ಅಂದರೆ ಏಳನೇ ಎಡ್ವರ್ಡ್ ಕಾಲ. ಇಂಗ್ಲೆಂಡಿನ ಬಾತ್ ಊರಿನ ಒಬ್ಬ ವಿಧವೆ, ವಯಸ್ಸು 68. ಅಣ್ಣನ ಮಗಳನ್ನು ಜೊತೆಗೆ ಕರಕೊಂಡು ಡೋವರ್, ಕಲೇ, ಪ್ಯಾರಿಸ್, ಲ್ಯೂಸರ್ನ್, ಮಿಲಾನ್, ವೆನಿಸ್, ಫ್ಲಾರೆನ್ಸ್, ನೇಪಲ್ಸ್ ಸುತ್ತುತ್ತಾಳೆ. ಊರಲ್ಲಿ ಅವಳ ಹಳೇ ಗೆಳತಿ ಇದ್ದಾಳೆ. ಸಂಧಿವಾತ, ಮೆಟ್ಟಿಲು ಇಳಿಯೋಕೂ ಆಗಲ್ಲ. ಅವಳಿಗೆ ಬರೆದ ಹನ್ನೊಂದು ಪತ್ರಗಳು. ನಾಲ್ಕು ಮುಗಿದಿವೆ.

ಪ್ರಶ್ನೆಗಳು:
ಅವಳಿಗೆ ಪಾಸ್‌ಪೋರ್ಟ್ ಬೇಕಿತ್ತಾ?
ಗೆಳತಿ ವಾಪಸ್ ಬರೆದರೆ ಅದು ಇವಳಿಗೆ ಹೇಗೆ ಸಿಗ್ತಿತ್ತು? ಇವಳು ಮೂರು ದಿನಕ್ಕೊಂದು ಊರಲ್ಲಿರ್ತಾಳಲ್ಲ?
ಇಂಗ್ಲಿಷಿನಲ್ಲಿ ಇರೋದು ಒಂದೇ ‘ಯೂ’. ಕನ್ನಡದಲ್ಲಿ ಇವಳ ಬಾಯಲ್ಲಿ ‘ನೀನು’ ಹಾಕಲೋ ‘ನೀವು’ ಹಾಕಲೋ? ನಾಲ್ಕು ಪತ್ರ ಎರಡೆರಡು ಸಲ ಬರೆದಾಯ್ತು.

ವೆನಿಸ್ ಪತ್ರದ ಒಂದು ತುಂಡು, ಸ್ವರ ಹೇಗಿದೆ ಹೇಳಿ:

“ಸಂತ ಮಾರ್ಕನ ಚೌಕದಲ್ಲಿ ಗಂಟೆಗೋಪುರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಪಾರಿವಾಳಗಳಿಗೆ ಕಾಳು ಹಾಕುತ್ತ ಕೂತೆ. ಹುಡುಗಿ ಚರ್ಚಿನೊಳಗೆ ಹೋಗಿ ಒಂದು ಗಂಟೆ ಆಯಿತು. ನನಗೆ ಇಲ್ಲಿನ ಚಿನ್ನದ ಗೋಡೆಗಳಿಗಿಂತ ಚಹಾದ್ದೇ ಚಿಂತೆ. ಬಿಸಿನೀರಿಗೆ ಎಲೆ ತೋರಿಸಿ ತೆಗೆದಂತಿದೆ.”

ಮಂಡ್ಯದ_ಗಂಡು

ಗುರು, ಮೊದಲು ಇದು ಹೇಳು. ಇಂಗ್ಲಿಷ್ ಅಜ್ಜಿ ಯಾಕೆ? ನಮ್ಮೂರಲ್ಲಿ ಅಜ್ಜೀರಿಗೆ ಬರ ಬಂದದಾ?

ಸುಮ್ನೆ_ಓದುಗ

ಚಹಾ ಸಾಲು ಚೆನ್ನಾಗಿದೆ. ಪಾಸ್‌ಪೋರ್ಟ್ ಬೇಕೇ ಬೇಕಿತ್ತು ಅನ್ಸುತ್ತೆ. ಬೇರೆ ದೇಶ ಅಂದ್ಮೇಲೆ ಗಡಿ ಇರಲ್ವಾ?

ಇರುವೆಗೂಡು

ಗಡಿ ಇತ್ತು, ಪಾಸ್‌ಪೋರ್ಟ್ ಬೇಕಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮ ಯುರೋಪಿನ ಬಹುಪಾಲು ದೇಶಗಳಿಗೆ ಇಂಗ್ಲಿಷರು ಸುಮ್ಮನೆ ಟಿಕೆಟ್ ತಗೊಂಡು ಹೊರಡ್ತಿದ್ದರು. ರಷ್ಯಾ, ತುರ್ಕರ ಒಟ್ಟೋಮನ್ ಸಾಮ್ರಾಜ್ಯ ಇಂಥ ಕಡೆಗೆ ಮಾತ್ರ ಕಾಗದಪತ್ರ ಕಡ್ಡಾಯ. ಆದರೂ ಹುಷಾರಿನ ಜನ ಒಂದು ಮಾಡಿಸಿಟ್ಟುಕೊಳ್ತಿದ್ದರು. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಕಾಗದ ಬಿಡಿಸಿಕೊಳ್ಳೋಕೆ ಗುರುತು ಕೇಳ್ತಿದ್ದರಲ್ಲ, ಅದಕ್ಕೆ. ಎರಡು ಶಿಲ್ಲಿಂಗ್ ಶುಲ್ಕ. ಪುಸ್ತಕವೂ ಅಲ್ಲ, ಒಂದೇ ಹಾಳೆ. ಫೋಟೋ ಅಂಟಿಸೋ ಪದ್ಧತಿ ಬಂದದ್ದೇ 1915ರಲ್ಲಿ. ನಿಮ್ಮ ಅಜ್ಜಿ ಅಂಥವಳಾದರೆ ಹಾಳೆಯನ್ನು ಮಡಚಿ ಬೈಬಲ್ ಒಳಗಿಟ್ಟುಕೊಂಡಿರಲಿ, ಯಾರೂ ಕೇಳದೇ ಇದ್ದದ್ದಕ್ಕೆ ಅವಳಿಗೆ ಬೇಜಾರಾಗಲಿ.

ಸುಂಕದವರು ಮಾತ್ರ ಪೆಟ್ಟಿಗೆ ಬಿಚ್ಚಿಸ್ತಿದ್ದರು. ಹೊಗೆಸೊಪ್ಪು, ಸ್ಪಿರಿಟ್ ಇದೆಯಾ ಅಂತ. ಚಹಾ ಕಾಯಿಸೋ ಸ್ಪಿರಿಟ್ ದೀಪ ಇಟ್ಟುಕೊಂಡಿದ್ದರೆ ಒಂದು ಜಗಳ ಗ್ಯಾರಂಟಿ.

ಜಯನಗರ_4ನೇ_ಬ್ಲಾಕ್

ಅಜ್ಜಿಗೆ ಹಾಳೇನೂ ಬೇಡ. ನನಗೆ ವೀಸಾಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿಂದ ಲೆಟರ್ರು, ಹೋಟೆಲ್ ಬುಕಿಂಗು, ವಿಮೆ, ಬೆರಳಚ್ಚು. ಹೋದ ವರ್ಷ ಅಪಾಯಿಂಟ್‌ಮೆಂಟ್ ಸಿಗೋಷ್ಟರಲ್ಲಿ ರಜಾನೇ ಮುಗಿದಿತ್ತು. ನನ್ನ ಹೊಟ್ಟೆ ಉರೀತಿದೆ, ಕಥೆ ಬಗ್ಗೆ ನಾಳೆ ಹೇಳ್ತೀನಿ.

ರೈಲುಮಾಮ

ಕಥೆಗಾರರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಜ್ಜಿ ಇಲ್ಲದ ಗೋಪುರದ ನೆರಳಲ್ಲಿ ಕೂತಿದ್ದಾಳೆ.

ವೆನಿಸ್‌ನ ಆ ಗಂಟೆಗೋಪುರ 1902ರ ಜುಲೈ 14ರ ಬೆಳಿಗ್ಗೆ ಕುಸಿದು ಬಿತ್ತು. 98 ಮೀಟರಿಗೂ ಎತ್ತರದ್ದು, ನಿಂತಲ್ಲೇ ಜಾರಿ ಇಟ್ಟಿಗೆ ರಾಶಿಯಾಯ್ತು. ಕೆಲ ದಿನಗಳಿಂದ ಬಿರುಕು ಕಾಣಿಸ್ತಿತ್ತು, ಜನರನ್ನು ದೂರ ಇಟ್ಟಿದ್ದರು. ಹಾಗಾಗಿ ಯಾರೂ ಸಾಯಲಿಲ್ಲ. ಕಾವಲುಗಾರನ ಬೆಕ್ಕೊಂದು ಹೋಯ್ತು ಅಂತಾರೆ. ಪಕ್ಕದ ಚರ್ಚಿಗೆ ಹೆಚ್ಚು ಪೆಟ್ಟಾಗಲಿಲ್ಲ. “ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ” ಕಟ್ಟೋದು ಅಂತ ತೀರ್ಮಾನ ಮಾಡಿ 1903ರಲ್ಲಿ ಅಡಿಗಲ್ಲು ಹಾಕಿದರು, ಉದ್ಘಾಟನೆ ಆಗಿದ್ದು 1912ರ ಏಪ್ರಿಲ್ 25ಕ್ಕೆ. 1907ರಲ್ಲಿ ಅಲ್ಲಿದ್ದದ್ದು ಅರ್ಧಂಬರ್ಧ ಕೆಲಸ, ಬೇಲಿ, ಧೂಳು.

ಇನ್ನೊಂದು ಪ್ರಶ್ನೆ. ಲ್ಯೂಸರ್ನ್‌ನಿಂದ ಮಿಲಾನ್‌ಗೆ ಯಾವ ದಾರಿಯಲ್ಲಿ ಕರಕೊಂಡು ಹೋಗ್ತೀರಿ?

ಕಾಗದದ_ದೋಣಿ

ಅಯ್ಯೋ ದೇವರೇ. ಗೋಪುರದ ಫೋಟೋ ನೋಡಿಕೊಂಡೇ ಬರೆದೆ!

ರೈಲುಮಾಮ, ಸಿಂಪ್ಲಾನ್ ಸುರಂಗ. ಆಗಷ್ಟೇ ಹೊಸದಾಗಿ ತೆರೆದಿತ್ತು ಅಂತ ಓದಿದ್ದೆ, ಅದಕ್ಕೇ ಹಾಕಿದೆ. ಅದೂ ತಪ್ಪಾ?

ರೈಲುಮಾಮ

ಸುರಂಗ ಸರಿ, ದಾರಿ ತಪ್ಪು. ಸಿಂಪ್ಲಾನ್ ತೆರೆದದ್ದು 1906ರಲ್ಲಿ. ಹತ್ತಿರ ಹತ್ತಿರ 20 ಕಿಲೋಮೀಟರ್, ಆಗ ಪ್ರಪಂಚದಲ್ಲೇ ಉದ್ದದ್ದು. ಆದರೆ ಅದು ಲೋಸಾನ್, ಬ್ರಿಗ್ ಕಡೆಯಿಂದ ಬರುವವರ ದಾರಿ. ಲ್ಯೂಸರ್ನ್‌ನಲ್ಲಿದ್ದವಳು ಗೊಟ್ಹಾರ್ಡ್ ಲೈನ್ ಹಿಡೀತಾಳೆ. 1882ರದ್ದು, ಸುಮಾರು 15 ಕಿಲೋಮೀಟರ್ ಸುರಂಗ.

ಮತ್ತೆ ಇದರಲ್ಲಿ ನಿಮಗೇ ಲಾಭ ಇದೆ ನೋಡಿ. ಸಿಂಪ್ಲಾನ್‌ನಲ್ಲಿ ಮೊದಲಿಂದಲೂ ಕರೆಂಟ್ ಇಂಜಿನ್. ಗೊಟ್ಹಾರ್ಡ್‌ನಲ್ಲಿ ಆಗಿನ್ನೂ ಉಗಿಬಂಡಿ. ಕಿಟಕಿ ಎತ್ತದೆ ಕೂತರೆ ಮುಖ ಮಸಿ. 68 ವರ್ಷದ ಹೆಂಗಸು, ಮೈತುಂಬ ಬಟ್ಟೆ, ಬಿಳೀ ಕೈಗವಸು. ಗೊಣಗೋಕೆ ಇನ್ನೇನು ಬೇಕು? ಇಷ್ಟು ಸಾಲದು ಅಂತ ವಾಸೆನ್ ಅನ್ನೋ ಹಳ್ಳಿ ಹತ್ರ ರೈಲು ಬೆಟ್ಟದೊಳಗೆ ಸುತ್ತು ಹಾಕಿಕೊಂಡು ಹತ್ತುತ್ತೆ. ಒಂದೇ ಚರ್ಚು ಮೂರು ಸಲ, ಮೂರು ಬೇರೆ ಬೇರೆ ಎತ್ತರದಲ್ಲಿ ಕಾಣುತ್ತೆ. ಗೊತ್ತಿಲ್ಲದವರು ಮೂರು ಚರ್ಚ್ ಅಂದ್ಕೋತಾರೆ.

ಸುಮ್ನೆ_ಓದುಗ

ಅಜ್ಜಿ ಗೆಳತಿಗೆ “ಈ ಊರಿನವರು ಭಾರಿ ದೈವಭಕ್ತರು, ಮೂರು ಮೂರು ಚರ್ಚು” ಅಂತ ಬರೀಬೇಕು. ಮುಂದಿನ ಪತ್ರದಲ್ಲಿ ತಿದ್ದುಕೊಳ್ಳದೆ ಹಾಗೇ ಬಿಟ್ಟುಬಿಡಬೇಕು.

ಅಂಚೆಚೀಟಿ

ಎರಡನೇ ಪ್ರಶ್ನೆಗೆ ನಾನು ಬರ್ತೀನಿ, ನನ್ನ ಹೊಲ ಇದು.

ಉತ್ತರ ತಲುಪೋಕೆ ಮೂರು ದಾರಿ. ಒಂದು, ಹೋಟೆಲ್ ವಿಳಾಸಕ್ಕೆ. ಎರಡು, ಥಾಮಸ್ ಕುಕ್ ಕಂಪನಿಯ ಕಚೇರಿಗೆ. ದೊಡ್ಡ ಊರಲ್ಲೆಲ್ಲ ಇತ್ತು, ಗಿರಾಕಿಗಳ ಟಪಾಲು ಇಟ್ಟುಕೊಡ್ತಿದ್ದರು. ಮೂರು, ಪೋಸ್ಟ್ ರೆಸ್ಟಾಂಟ್, ಅಂದರೆ “ಬಂದು ಕೇಳುವ ತನಕ ಇಟ್ಟಿರಿ” ಅಂತ ಅಂಚೆ ಕಚೇರಿಗೇ ಬರೆಯೋದು. ಮನೆತನದ ಹೆಸರು ದಪ್ಪಗೆ ಬರೆದು ಕೆಳಗೆ ಗೆರೆ ಎಳೀಬೇಕಿತ್ತು. ಇಲ್ಲದಿದ್ದರೆ ಇಟಲಿಯ ಗುಮಾಸ್ತ ಯಾವ ಅಕ್ಷರದ ಗೂಡಿಗೆ ತುರುಕ್ತಾನೋ ಅವನಿಗೇ ಗೊತ್ತಿರಲ್ಲ. ‘ಮಿಸೆಸ್’ ಅಂತ ಇದ್ದರೆ ‘ಮ’ ಗೂಡಲ್ಲೂ ಹುಡುಕಿಸೋದು ಜಾಣತನ.

ಎಲ್ಲಿ ಯಾವ ತಾರೀಖು ಇರ್ತೀನಿ ಅನ್ನೋ ಪಟ್ಟಿ ಹೊರಡೋಕೆ ಮುಂಚೆನೇ ಗೆಳತಿ ಕೈಗೆ ಕೊಟ್ಟಿರ್ತಾಳೆ. ನೀವು ಕಥೆಯಲ್ಲಿ ಏನು ಮಾಡಬೇಕು ಗೊತ್ತಾ, ಇವಳು ಪಟ್ಟಿಗಿಂತ ಒಂದು ವಾರ ಹೆಚ್ಚು ವೆನಿಸ್‌ನಲ್ಲಿ ಉಳೀಬೇಕು. ಆಗ ಉತ್ತರಗಳೆಲ್ಲ ಇವಳಿಗಿಂತ ಮುಂದೆ ಹೋಗಿ ಫ್ಲಾರೆನ್ಸ್‌ನಲ್ಲಿ ಕಾಯ್ತಾ ಕೂತಿರ್ತವೆ.

ಇನ್ನೊಂದು ಮಜಾ. 1898ರ ಕ್ರಿಸ್ಮಸ್‌ನಿಂದ ಸಾಮ್ರಾಜ್ಯದೊಳಗೆ ಒಂದು ಪೆನ್ನಿ ಅಂಚೆ ಬಂತು, ಇಂಡಿಯಾ ಕೂಡ ಅದರಲ್ಲಿತ್ತು. ಹೊರದೇಶಕ್ಕೆ ಎರಡೂವರೆ ಪೆನ್ನಿ. ಅಂದರೆ ಬಾತ್‌ನಿಂದ ಮೈಸೂರಿಗೆ ಕಾಗದ ಹಾಕೋಕೆ ಒಂದು ಪೆನ್ನಿ, ಡೋವರ್‌ನಿಂದ ಕಣ್ಣಿಗೆ ಕಾಣೋಷ್ಟು ಹತ್ತಿರ ಇರೋ ಕಲೇಗೆ ಎರಡೂವರೆ. ಗೆಳತಿ ಇದನ್ನ ಎತ್ತಿ ಆಡದೇ ಇರೋಳಲ್ಲ ಅನ್ಸುತ್ತೆ.

ಕಾಗದದ_ದೋಣಿ

ಅಂಚೆಚೀಟಿಯವರೇ, ಉತ್ತರಗಳು ಮುಂದೆ ಹೋಗಿ ಕಾಯೋದು! ಇದು ನನಗೆ ಹೊಳೆದೇ ಇರಲಿಲ್ಲ. ಇವಳು ಕೇಳೋ ಪ್ರಶ್ನೆಗೆಲ್ಲ ಉತ್ತರ ಇನ್ನೊಂದು ಊರಲ್ಲಿದೆ.

ಪದಕಟ್ಟು

ಮೂರನೇ ಪ್ರಶ್ನೆಗೆ ನನ್ನ ಮತ ಖಂಡಿತ ‘ನೀನು’. ಬಾಲ್ಯದ ಗೆಳತಿಯರು, ಏಕವಚನ ಬಿಟ್ಟು ಬೇರೇನು? ‘ನೀವು’ ಹಾಕಿದ ಕೂಡಲೇ ಸರ್ಕಾರಿ ಸುತ್ತೋಲೆ ಥರ ಆಗುತ್ತೆ.

ಇರುವೆಗೂಡು

ಒಪ್ಪಲ್ಲ. ಆ ವರ್ಗದ, ಆ ತಲೆಮಾರಿನ ಇಂಗ್ಲಿಷ್ ಹೆಂಗಸರು ಎಷ್ಟೋ ವರ್ಷದ ಪರಿಚಯದ ಮೇಲೂ ‘ಮಿಸೆಸ್ ಇಂಥವರು’ ಅಂತಲೇ ಬರೀತಿದ್ದರು. ಹೆಸರು ಹಿಡಿದು ಕರೆಯೋದು ಒಡಹುಟ್ಟಿದವರನ್ನ, ಶಾಲೆ ಗೆಳತಿಯರನ್ನ. ಇವರಿಬ್ಬರು ಪರಿಚಯ ಆಗಿದ್ದು ಎಲ್ಲಿ, ಮೊದಲು ಅದು ತೀರ್ಮಾನ ಆಗಲಿ.

ಧಾರವಾಡ_ಫೇಡೆ

ಏನ್ರೀ ಇದು, ‘ನೀ’ ಅಂದ್ರ ಮುಗೀತಲ್ಲ. ನಮ್ಮ ಕಡೆ ದೇವರಿಗೂ ‘ನೀ’, ತಾಯಿಗೂ ‘ನೀ’. ಈ ನೀನು-ನೀವು ಜಗಳ ಎಲ್ಲಾ ಮೈಸೂರು ಕಡೆಯವರ ಕಿರಿಕಿರಿ.

ಆದ್ರ ನಾ ಬ್ಯಾರೆ ಒಂದು ಕೇಳ್ತೀನಿ. ನಿಮ್ಮ ಅಜ್ಜಿಗೆ ಮೂರು ತಿಂಗಳು ತಿರುಗಾಕ ರೊಕ್ಕ ಎಲ್ಲಿಂದ ಬಂತು? ಗಂಡ ಸತ್ತಾನ, ಹೊಲ ಇಲ್ಲ, ಕೆಲಸ ಇಲ್ಲ. ಅದನ್ನ ಯಾರೂ ಬರೆಯೂದಿಲ್ಲ. ಇಂಥ ವಿಧವೆಯರು, ಪಾದ್ರಿಗಳು, ನಿವೃತ್ತ ಸೈನ್ಯದವರು ದುಡ್ಡು ಹಾಕ್ತಿದ್ದದ್ದು ಎಲ್ಲಿ ಗೊತ್ತೇನು? ಇಂಡಿಯಾದ ರೈಲ್ವೆ ಷೇರಿನಾಗ. ಮೊದಮೊದಲಿನ ಕಂಪನಿಗಳಿಗೆ ನೂರಕ್ಕ ಐದು ಖಾತ್ರಿ ಬಡ್ಡಿ. ರೈಲು ಲಾಭ ಮಾಡಲಿ ಬಿಡಲಿ, ಕಡಿಮೆ ಬಿದ್ದದ್ದನ್ನ ಇಂಡಿಯಾದ ಕಂದಾಯದಿಂದ ತುಂಬಿ ಕೊಡ್ತಿದ್ರು. ನಮ್ಮ ಧಾರವಾಡದಾಗ ಸದರ್ನ್ ಮರಾಠಾ ರೈಲ್ವೆ ಇತ್ತಲ್ಲ, 1882ರ ಕಂಪನಿ, ಅದರ ಮಂಡಳಿ ಲಂಡನ್‌ನಾಗ. ಮೈಸೂರು ಸಂಸ್ಥಾನದ ಮೀಟರ್‌ಗೇಜ್ ಸುದ್ದಾ ಅವರ ಕೈಯಾಗ. 1908ರಾಗ ಮದ್ರಾಸ್ ರೈಲ್ವೆ ಜೋಡಿ ಕೂಡಿಸಿದ್ರು.

ಹಂಗಂದ್ರ ಅಜ್ಜಿ ವೆನಿಸ್‌ನಾಗ ಕುಡಿಯೋ ಆ ನೀರು ಚಹಾಕ್ಕ ನಮ್ಮ ಹುಬ್ಬಳ್ಳಿ-ಗದಗ ಮಂದಿ ರೊಕ್ಕ ಕೊಟ್ಟಿರಬಹುದು.

ಮಂಡ್ಯದ_ಗಂಡು

ಫೇಡೆ ಸಾಹೇಬ್ರು ಬಂದ್ರು, ಕಥೆಗೆ ಬೆಂಕಿ ಹಚ್ಚಿದ್ರು.

ಧಾರವಾಡ_ಫೇಡೆ

ಬೆಂಕಿ ಅಲ್ಲೋ ಮಾರಾಯ. ಒಂದು ಸಾಲು ಸಾಕು. “ಈ ಸಲ ಡಿವಿಡೆಂಡು ತಡವಾಗಿ ಬಂತು” ಅಂತ ಪತ್ರದಾಗ ಇರಲಿ. ತಿಳಿಯೋರಿಗೆ ತಿಳೀತದ.

ಪದಕಟ್ಟು

ಎಲ್ಲ ಅಜ್ಜಿಯರನ್ನೂ ಕಟಕಟೆಗೆ ನಿಲ್ಲಿಸಲೇಬೇಕಾ? ಇದೊಂದು ಸ್ನೇಹದ ಕಥೆ.

ಧಾರವಾಡ_ಫೇಡೆ

ಸ್ನೇಹಕ್ಕ ರೈಲು ಟಿಕೆಟ್ ಬ್ಯಾಡೇನ್ರೀ?

ಕುಡ್ಲದ_ಮೀನು

ಕಲೇಯಿಂದಾಗಲಿ ಪ್ಯಾರಿಸ್‌ನಿಂದಾಗಲಿ ಲ್ಯೂಸರ್ನ್‌ಗೆ ಹೋಗಬೇಕಾದರೆ ಬಾಸೆಲ್ ಸ್ಟೇಷನ್ ಸಿಗುತ್ತದೆ ಮಾರಾಯ್ರೆ! ಅದನ್ನು ಬಿಟ್ಟು ಧಾರವಾಡಕ್ಕೆ ಯಾಕೆ ಹೋದ್ರಿ?

ಬಾಸೆಲ್ ಅಂದರೆ ನಮಗೆ ಮನೆಯ ಮಾಡಿನ ಹೆಸರು. ಅಲ್ಲಿಯ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, 1865ರಲ್ಲಿ ಹಂಚಿನ ಕಾರ್ಖಾನೆ ಸುರುವಾಯ್ತು. ಕಿಟ್ಟೆಲ್ ನಿಘಂಟು 1894ರದ್ದು. ಅವರು ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ನಿಮ್ಮ ಅಜ್ಜಿ ಬಾಸೆಲ್ ಪ್ಲಾಟ್‌ಫಾರ್ಮಿನಲ್ಲಿ ಕೂತಿರುವಾಗ ಪಕ್ಕದಲ್ಲಿ ಒಬ್ಬರು ನಿವೃತ್ತ ಪಾದ್ರಿ ಬಂದು ಕೂತು, ಅಭ್ಯಾಸಬಲದಿಂದ “ಅಯ್ಯೋ ದೇವರೇ, ಸೆಕೆ” ಅಂದರೆ ಹೇಗೆ?

ರೈಲುಮಾಮ

ಏಪ್ರಿಲ್ ತಿಂಗಳು, ಬಾಸೆಲ್. ಸೆಕೆ ಎಲ್ಲಿಂದ ಬರಬೇಕು?

ಕುಡ್ಲದ_ಮೀನು

“ಅಯ್ಯೋ ದೇವರೇ, ಚಳಿ” ಅನ್ನಲಿ. ನಿಮ್ಮದು ಎಲ್ಲದಕ್ಕೂ ಟೈಮ್‌ಟೇಬಲ್.

ಪದಕಟ್ಟು

ಬೇಡಪ್ಪ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಎಲ್ಲರೂ ಕನ್ನಡ ನಾಡಿಗೇ ಬಂದು ಮುಟ್ಟಬೇಕಾಗಿಲ್ಲ. ಈ ಅಜ್ಜಿಗೆ ಕನ್ನಡ ಅಂತ ಒಂದು ಭಾಷೆ ಇದೆ ಅಂತಲೂ ಗೊತ್ತಿರಲ್ಲ. ಡಿವಿಡೆಂಡ್ ಸಾಲು ಆದರೂ ಸರಿ, ಅದು ನಿಜವಾಗಿ ಇದ್ದ ಸಂಬಂಧ. ಪಾದ್ರಿ ಮಾತ್ರ ಸಿನಿಮಾ.

ಜಯನಗರ_4ನೇ_ಬ್ಲಾಕ್

ವಾಪಸ್ ಬಂದೆ. ಹೊಟ್ಟೆ ಉರಿ ಕಮ್ಮಿ ಆಗಿದೆ. ಸ್ಪಿರಿಟ್ ದೀಪ ಅಂದಾಗ ನೆನಪಾಯ್ತು. ನಮ್ಮ ದೊಡ್ಡಮ್ಮ 13 ದಿನಕ್ಕೆ 8 ದೇಶದ ಪ್ಯಾಕೇಜ್ ಟೂರಿಗೆ ಹೋದಾಗ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ತಗೊಂಡು ಹೋಗಿದ್ದರು. ಲ್ಯೂಸರ್ನ್ ಹೋಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಗ್ಗರಣೆ. ಅಲಾರಾಂ ಹೊಡ್ಕೊಂಡು ಇಡೀ ಮಹಡಿ ಖಾಲಿ ಆಯ್ತಂತೆ. ಇವತ್ತಿಗೂ ಅದನ್ನ ಆಲ್ಪ್ಸ್ ನೋಡಿದ್ದಕ್ಕಿಂತ ಹೆಮ್ಮೆಯಿಂದ ಹೇಳ್ತಾರೆ.

ಇರುವೆಗೂಡು

ಅದೇ ವಂಶ. ಎಡ್ವರ್ಡ್ ಕಾಲದವರು ಪೆಟ್ಟಿಗೆಯಲ್ಲಿ ಹಾಕ್ಕೊಳ್ತಿದ್ದದ್ದು: ಸ್ವಂತ ಚಹಾಪುಡಿ, ಸ್ಪಿರಿಟ್ ದೀಪ, ಮಡಚೋ ರಬ್ಬರ್ ಸ್ನಾನದ ತೊಟ್ಟಿ, ತಿಗಣೆ-ಚಿಗಟಕ್ಕೆ ಕೀಟಿಂಗ್ಸ್ ಪುಡಿ, ಕೆಂಪು ರಟ್ಟಿನ ಬೇಡೆಕರ್. ಬೇಡೆಕರ್ ಅಂದ್ರೆ ಆ ಕಾಲದ ಪ್ರವಾಸಿಗರ ಪಂಚಾಂಗ. ನೋಡಲೇಬೇಕಾದ್ದಕ್ಕೆ ನಕ್ಷತ್ರದ ಗುರುತು ಹಾಕ್ತಿದ್ದರು, ಜನ ನಕ್ಷತ್ರ ಇಲ್ಲದ ಚಿತ್ರದ ಮುಂದೆ ನಿಲ್ತಾನೂ ಇರಲಿಲ್ಲ. ಓದೋಕೆ ಟೌಕ್‌ನಿಟ್ಸ್‌ನ ಅಗ್ಗದ ಇಂಗ್ಲಿಷ್ ಕಾದಂಬರಿ. ಲೈಪ್ಸಿಗ್‌ನಲ್ಲಿ ಅಚ್ಚಾಗ್ತಿದ್ದವು, ಹಕ್ಕುಸ್ವಾಮ್ಯದ ಕಾರಣಕ್ಕೆ ಇಂಗ್ಲೆಂಡಿಗೆ ತರುವ ಹಾಗಿರಲಿಲ್ಲ. ಮರ್ಯಾದಸ್ಥ ಅಜ್ಜಿ ಒಂದನ್ನ ಲಂಗದ ಮಡಿಕೆಯಲ್ಲಿ ಬಚ್ಚಿಟ್ಟು ಗೆಳತಿಗೆ ತಂದರೆ ನಾನಂತೂ ಮೆಚ್ಚುತ್ತೀನಿ.

ರೈಲುಮಾಮ

ಸಾಮಾನಿನ ವಿಷಯ ಬಂತಲ್ಲ, ಇದೂ ಬರ್ಕೊಳ್ಳಿ. ಫ್ರಾನ್ಸಿನ ರೈಲಲ್ಲಿ 30 ಕಿಲೋ ತನಕ ಪುಕ್ಕಟೆ. ಇಟಲಿಯಲ್ಲಿ ಕೈಯಲ್ಲಿ ಹಿಡಿದದ್ದು ಬಿಟ್ಟು ಉಳಿದದ್ದಕ್ಕೆಲ್ಲ ತೂಕ ಹಾಕಿ ದುಡ್ಡು. ಅಜ್ಜಿ ಗಡಿ ದಾಟಿದ ದಿನದಿಂದ ‘ಕೈಚೀಲ’ಗಳು ಜಾಸ್ತಿ ಆಗ್ತಾ ಹೋಗಬೇಕು.

ಮತ್ತೆ ಫ್ರಾನ್ಸಿನ ಗಡಿಯಾರ. ಪ್ಯಾರಿಸ್ ಸಮಯ ಲಂಡನ್‌ಗಿಂತ 9 ನಿಮಿಷ 21 ಸೆಕೆಂಡ್ ಮುಂದೆ, 1911ರ ತನಕ ಹಾಗೇ ಇತ್ತು. ಇದರ ಮೇಲೆ ಸ್ಟೇಷನ್ ಹೊರಗಿನ ಗಡಿಯಾರ ಸರಿಯಾದ ಸಮಯ ತೋರಿಸಿದ್ರೆ, ಒಳಗಿನದು ಬೇಕಂತಲೇ 5 ನಿಮಿಷ ಹಿಂದೆ! ತಡವಾಗಿ ಓಡಿ ಬಂದೋರಿಗೆ ರೈಲು ಸಿಗಲಿ ಅಂತ.

ಸುಮ್ನೆ_ಓದುಗ

ನಮ್ಮ ಮನೆ ಹಾಲ್ ಗಡಿಯಾರ 10 ನಿಮಿಷ ಮುಂದೆ ಇದೆ. ಅದೂ ಅದೇ ಉದ್ದೇಶಕ್ಕೆ. ಆದರೂ ಎಲ್ಲರೂ ತಡ.

ಮಂಡ್ಯದ_ಗಂಡು

ಎಲ್ಲಾ ಸರಿ, ಬ್ರೋ ನನ್ನ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ. ಇಂಗ್ಲಿಷ್ ಅಜ್ಜಿ ಯಾಕೆ?

ಕಾಗದದ_ದೋಣಿ

ಬ್ರೋ ಅಲ್ಲಪ್ಪ, ನನಗೆ 66 ವರ್ಷ. ಹೈಸ್ಕೂಲಲ್ಲಿ ಮೇಷ್ಟ್ರಾಗಿದ್ದೆ, ಅಂದರೆ ಮೇಡಂ. 😀

ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಬಾತ್‌ನಲ್ಲಿ ಆರು ತಿಂಗಳಿದ್ದೆ. ಮಗು ಮಲಗಿದ ಮೇಲೆ ಕೆಲಸವಿಲ್ಲ. ಬೀದಿ ಉದ್ದಕ್ಕೂ ಜೇನುಬಣ್ಣದ ಕಲ್ಲಿನ ಸಾಲುಮನೆಗಳು. ಎದುರುಮನೆ ಮೇಲಿನ ಕಿಟಕಿಯಲ್ಲಿ ಒಬ್ಬಾಕೆ, ನನಗಿಂತ ದೊಡ್ಡವರು, ಇಡೀ ದಿನ ಕೂತು ಬೀದಿ ನೋಡ್ತಿದ್ದರು. ಒಂದು ದಿನವೂ ಕೆಳಗೆ ಬಂದದ್ದು ನೋಡಲಿಲ್ಲ. ನನ್ನ ಗೆಳತಿ ಮೈಸೂರಲ್ಲಿ ಹೀಗೇ ಕೂತಿರ್ತಾರೆ, ಎರಡೂ ಮಂಡಿ ಹೋಗಿದೆ. ನಾನು ದಿನಾ ಫೋಟೋ ಕಳಿಸ್ತಿದ್ದೆ. ಒಂದು ದಿನ ಫೋನ್ ಮಾಡಿ, “ರೀ, ಫೋಟೋ ಸಾಕು. ಟೀವಿಯಲ್ಲೂ ನೋಡ್ತೀನಿ ಅದನ್ನ. ನೀವು ಏನು ತಿಂದ್ರಿ, ಯಾರ ಜೊತೆ ಜಗಳ ಆಯ್ತು, ಅದು ಬರೀರಿ” ಅಂದರು. ಆಮೇಲಿಂದ ಬರೆಯೋಕೆ ಶುರು ಮಾಡಿದೆ. ನನ್ನ ಬಗ್ಗೆಯೇ ಬರೆದರೆ ಸಂಕೋಚ, ನೂರು ವರ್ಷ ಹಿಂದೆ ತಳ್ಳಿದೆ.

ಮಂಡ್ಯದ_ಗಂಡು

ಕ್ಷಮಿಸಿ ಮೇಡಂ. ಇಂಗ್ಲಿಷ್ ಅಜ್ಜಿ ಇರ್ಲಿ.

ಪದಕಟ್ಟು

ಒಂದ್ನಿಮಿಷ. ನಿಮ್ಮ ಗೆಳತಿ “ರೀ”, “ನೀವು”, “ಬರೀರಿ” ಅಂದರಾ? ಎಷ್ಟು ವರ್ಷದ ಸ್ನೇಹ ಮೇಡಂ?

ಕಾಗದದ_ದೋಣಿ

ಒಂದೇ ಸ್ಟಾಫ್‌ರೂಮಿನಲ್ಲಿ ಸೇರಿದ್ದು 1984ರಲ್ಲಿ. ಇವತ್ತಿಗೂ ‘ನೀವು’. ಬೈಯೋದೂ ಬಹುವಚನದಲ್ಲೇ. “ನಿಮಗೆ ಬುದ್ಧಿ ಇದೆಯೇನ್ರೀ” ಅಂತ.

ಓ.

ಇರುವೆಗೂಡು

ಅಷ್ಟೇ. ಪ್ರಶ್ನೆ ಮೂರು ಮುಗೀತು.

ಪದಕಟ್ಟು

ನನ್ನ ‘ನೀನು’ ವಾಪಸ್ ತಗೊಂಡೆ. ಇವರಿಬ್ಬರನ್ನೂ ಬಾಲ್ಯದ ಗೆಳತಿಯರು ಮಾಡಬೇಡಿ, ನಡುವಯಸ್ಸಿನಲ್ಲಿ ಸಿಕ್ಕವರು ಮಾಡಿ. ಗಂಡಂದಿರ ಕಾರಣಕ್ಕೆ ಪರಿಚಯ ಆಗಿ, ಗಂಡಂದಿರು ಹೋದ ಮೇಲೂ ಉಳಿದ ಸ್ನೇಹ. ‘ನೀವು’ ಅನ್ನೋದರಲ್ಲಿ ಸಲಿಗೆ ಎಷ್ಟಿರುತ್ತೆ ಅಂತ ನಮ್ಮ ಅಮ್ಮ-ಪಕ್ಕದ ಮನೆ ಆಂಟಿ ಮಾತು ಕೇಳಿಯೂ ನನಗೆ ಹೊಳೀಲಿಲ್ಲ ನೋಡಿ.

ಧಾರವಾಡ_ಫೇಡೆ

ಮೈಸೂರು ಗೆದ್ದಿತು. ಇರಲಿ.

ಪತ್ರದ ಸುರುವಾತು ಹೆಂಗ ಮಾಡೀರಿ ಮೇಡಂ? ನಮ್ಮ ಅಜ್ಜನ ಕಾಗದ ಎಲ್ಲಾ “ಉಭಯ ಕುಶಲೋಪರಿ ಸಾಂಪ್ರತ” ಅಂತ ಸುರು. ಅದು ಮುಗಿಯೋ ಹೊತ್ತಿಗೆ ಅರ್ಧ ಕಾರ್ಡ್ ಖಾಲಿ.

ಕಾಗದದ_ದೋಣಿ

ಮೊದಲು “ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು” ಅಂತ ಹಾಕಿದ್ದೆ. ಓದಿದಾಗ ಅಜ್ಜಿ ನಂಜನಗೂಡಿನವಳಾಗಿಬಿಟ್ಟಳು, ಕಿತ್ತುಹಾಕಿದೆ. ಈಗ ನೇರವಾಗಿ ದೂರಿನಿಂದಲೇ ಶುರು: “ನೀವು ಹೇಳಿದ್ದ ದಿಂಬು ತಂದಿದ್ದರೆ ಚೆನ್ನಾಗಿತ್ತು.”

ಅಂಚೆಚೀಟಿ

ಇದು ಬಹಳ ಚೆನ್ನಾಗಿದೆ. ಕಾಗದ ನೋಡೋಕೆ ಹೇಗಿರುತ್ತೆ ಅನ್ನೋದೂ ಬರಲಿ. 68 ಅಂದರೆ 1839ರ ಸುಮಾರು ಹುಟ್ಟಿದವಳು. ಅವಳ ಅಮ್ಮನ ಕಾಲದಲ್ಲಿ ಕಾಗದಕ್ಕೆ ಹಾಳೆ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ ದುಡ್ಡು. ಪೆನ್ನಿ ಅಂಚೆ ಬಂದದ್ದು 1840ರಲ್ಲಿ. ಹಾಗಾಗಿ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದದ್ದರ ಮೇಲೇ ಮತ್ತೆ ಬರೀತಿದ್ದರು. ಚೌಕಳಿ ಬಟ್ಟೆ ಥರ ಕಾಣುತ್ತೆ. ಅಮ್ಮನಿಂದ ಕಲಿತ ಚಟ ಮಗಳಿಗೂ ಉಳಿದಿರಬಹುದು, ದುಡ್ಡು ಇದ್ದರೂ.

ಇನ್ನೊಂದು, ವಿಧವೆ ಅಂದರೆ ಕಪ್ಪು ಅಂಚಿನ ಕಾಗದ. ದುಃಖ ಹೊಸದಿದ್ದಾಗ ಅಂಚು ಅಗಲ, ವರ್ಷ ಕಳೆದಂತೆ ಸಣ್ಣದು.

ಜಯನಗರ_4ನೇ_ಬ್ಲಾಕ್

ನಮ್ಮಲ್ಲಿ ಸಾವಿನ ಕಾಗದ ಬಂದರೆ ಬಾಗಿಲಲ್ಲೇ ಓದಿ ಹರಿದು ಹಾಕಿ ಸ್ನಾನ ಮಾಡೋರು. ಅವರು ನೋಡಿದ್ರೆ ಅಂಗಡಿಯಿಂದ ಅಂಚು ಹಾಕಿದ ಕಟ್ಟು ಕೊಂಡು ತರ್ತಿದ್ರಾ!

ಅಡ್ಡ ಬರೆಯೋದು ಅಂದಾಗ ನೆನಪಾಗಿದ್ದು ನೀಲಿ ಇನ್‌ಲ್ಯಾಂಡ್ ಲೆಟರ್. ನಮ್ಮಜ್ಜಿ ಒಳಗೆಲ್ಲ ತುಂಬಿಸಿ, ಆಮೇಲೆ ಅಂಚಿನ ಸುತ್ತ, ಆಮೇಲೆ ಗೋಂದು ಹಚ್ಚೋ ಮಡಿಕೆ ಮೇಲೂ ಬರೀತಿದ್ದರು. ಅಲ್ಲಿ ಇರ್ತಿದ್ದದ್ದೇ ನಿಜವಾದ ಸುದ್ದಿ. ಒಡೆಯುವಾಗ ಅದೇ ಹರಿದುಹೋಗ್ತಿತ್ತು.

ರೈಲುಮಾಮ

ಮೇಡಂ, ನೇಪಲ್ಸ್‌ನಲ್ಲಿ ವೆಸುವಿಯಸ್ ಹತ್ತಿಸ್ತೀರಾ? ಹತ್ತಿಸೋದಾದರೆ ಈಗಲೇ ಹೇಳಿಬಿಡಿ.

ಕಾಗದದ_ದೋಣಿ

ಹೇಳೋಕೇ ಭಯ ಆಗ್ತಿದೆ. ಥಾಮಸ್ ಕುಕ್‌ನವರ ಕೇಬಲ್ ರೈಲಿನಲ್ಲಿ ಹತ್ತಿಸಬೇಕು ಅಂತಿದ್ದೆ.

ರೈಲುಮಾಮ

ಅದು 1906ರ ಏಪ್ರಿಲ್‌ನಲ್ಲಿ ಬೆಟ್ಟ ಸಿಡಿದಾಗ ನಾಶ ಆಯ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಬೂದಿಯ ಭಾರಕ್ಕೆ ನೇಪಲ್ಸ್ ಊರಲ್ಲೇ ಮಾರ್ಕೆಟ್ಟಿನ ಮಾಡು ಕುಸಿದಿತ್ತು. ರೈಲು ಮತ್ತೆ ಶುರುವಾಗಿದ್ದು 1909ರಲ್ಲಿ. ‘ಫುನಿಕುಲಿ ಫುನಿಕುಲಾ’ ಹಾಡು ಕೇಳಿದ್ದೀರಲ್ಲ, ಅದು 1880ರಲ್ಲಿ ಇದೇ ರೈಲಿಗೆ ಅಂತ ಕಟ್ಟಿದ್ದು. ನಿಮ್ಮ ಅಜ್ಜಿಗೆ ಹಾಡು ಸಿಗುತ್ತೆ, ರೈಲು ಸಿಗಲ್ಲ.

ಕುಡ್ಲದ_ಮೀನು

ಈ ಅಜ್ಜಿಯ ಗ್ರಹಚಾರ ಮಾರಾಯ್ರೆ. ಹೋದಲ್ಲೆಲ್ಲ ಬಿದ್ದುಹೋಗಿದೆ, ಸುಟ್ಟುಹೋಗಿದೆ.

ಸುಮ್ನೆ_ಓದುಗ

ಅಥವಾ ಇಸವಿ ಬದಲಾಯಿಸಿ. 1901 ಮಾಡಿದರೆ ಗೋಪುರವೂ ಇದೆ, ಬೆಟ್ಟದ ರೈಲೂ ಇದೆ.

ಕಾಗದದ_ದೋಣಿ

ಇಲ್ಲ, 1907ನ್ನೇ ಇಟ್ಕೊಳ್ತೀನಿ. ನಿನ್ನೆ ರಾತ್ರಿ ನಿದ್ದೆ ಬರದೆ ವೆನಿಸ್ ಪತ್ರ ಮತ್ತೆ ಬರೆದೆ. ಒಂದು ಬದಲಾವಣೆ, ಇವಳು ಮೊದಲ ಸಲ ಅಲ್ಲಿಗೆ ಬಂದಿದ್ದು 1872ರಲ್ಲಿ, ಗಂಡನ ಜೊತೆ.

“ನಾವು ಇಳಿದ ಹೋಟೆಲು ಹಾಗೇ ಇದೆ, ಮೋಂಬತ್ತಿಗೆ ಬೇರೆ ಲೆಕ್ಕ ಬರೆಯುವ ಬುದ್ಧಿಯೂ ಹಾಗೇ ಇದೆ. ಚೌಕದಲ್ಲಿ ಗೋಪುರ ಇಲ್ಲ. ಬಿದ್ದ ಸುದ್ದಿಯನ್ನು ಪೇಪರಿನಲ್ಲಿ ಓದಿ ನಿಮಗೆ ನಾನೇ ಹೇಳಿದ್ದೆನಲ್ಲ, ಗೊತ್ತಿದ್ದೇ ಬಂದೆ. ಆದರೂ ಕಾಲುವೆಯ ಕಡೆಯಿಂದ ತಿರುಗಿದಾಗ ಕತ್ತು ತಾನಾಗಿ ಮೇಲೆ ಹೋಯಿತು. ಬೇಲಿ ಹಾಕಿದ್ದಾರೆ. ಒಳಗೆ ಇಟ್ಟಿಗೆ ಕೆಲಸ ನಡೆದಿದೆ. ಹೇಗಿತ್ತೋ ಹಾಗೇ ಕಟ್ಟುತ್ತಾರಂತೆ. ನಮ್ಮ ಮನೆಯವರು ಅದರ ತುದಿ ತನಕ ಹತ್ತಿ, ಅಲ್ಲಿಂದ ಟೋಪಿ ಬೀಸಿದ್ದರು. ಕೆಳಗಿದ್ದ ನಾನು ಬೇರೆ ಯಾರಿಗೋ ಕೈ ಬೀಸಿಬಿಟ್ಟೆ. ಅದನ್ನು ಅವರಿಗೆ ಕೊನೆಯ ತನಕ ಹೇಳಲಿಲ್ಲ. ನೀವೂ ಯಾರಿಗೂ ಹೇಳಬೇಡಿ.

ಚಹಾ ಬಗ್ಗೆ ಬರೆಯುವುದಿಲ್ಲ. ಮಧ್ಯಾಹ್ನ ಎರಡೂ ಹತ್ತರ ರೈಲಿಗೆ ಫ್ಲಾರೆನ್ಸಿಗೆ ಹೊರಡುತ್ತೇವೆ. ನಿಮ್ಮ ಕಾಗದಗಳು ಅಲ್ಲಿ ನನ್ನನ್ನು ಬೈಯುತ್ತ ಕಾಯುತ್ತಿರಬೇಕು.”

ಪದಕಟ್ಟು

ಮೇಡಂ. ಗೋಪುರ ಬಿದ್ದದ್ದೇ ಒಳ್ಳೇದಾಯ್ತು.

ಧಾರವಾಡ_ಫೇಡೆ

ಭಾರಿ ಆತು ನೋಡ್ರಿ. ಡಿವಿಡೆಂಡ್ ಸಾಲು?

ಕಾಗದದ_ದೋಣಿ

ಪ್ಯಾರಿಸ್ ಪತ್ರದಲ್ಲಿ ಸೇರಿಸಿದ್ದೀನಿ ಫೇಡೆಯವರೇ. “ಇಂಡಿಯಾದ ರೈಲು ಹಣ ಇನ್ನೂ ಬಂದಿಲ್ಲ, ಅಲ್ಲಿ ಮಳೆಯಾಗಲಿಲ್ಲವೋ ಏನೋ, ನನಗೇಕೆ ಅದರ ಶಿಕ್ಷೆ” ಅಂತ. ಬರೆಯುವಾಗ ಕೈ ಸ್ವಲ್ಪ ನಡುಗಿತು. ಆದರೆ ಅವಳು ಹಾಗೇ ಬರೀತಾಳೆ.

ಧಾರವಾಡ_ಫೇಡೆ

ಹೂಂ. ಹಂಗೇ ಬರೀತಾಳ.

ರೈಲುಮಾಮ

ಪತ್ರ ಚೆನ್ನಾಗಿದೆ ಮೇಡಂ. ಒಂದೇ ಒಂದು. ಇಟಲಿಯ ರೈಲು ವೇಳಾಪಟ್ಟಿ 1893ರಿಂದಲೇ 24 ಗಂಟೆ ಲೆಕ್ಕದ್ದು. ಅವಳ ಕೈಯಲ್ಲಿರೋ ಪಟ್ಟಿಯಲ್ಲಿ “ಎರಡೂ ಹತ್ತು” ಅಂತ ಇರಲ್ಲ, 14.10 ಅಂತಿರುತ್ತೆ.

ಕಾಗದದ_ದೋಣಿ

“ಇಲ್ಲಿ ದಿನಕ್ಕೆ ಹದಿನಾಲ್ಕು ಗಂಟೆಯೂ ಹೊಡೆಯುತ್ತದಂತೆ, ಹುಡುಗಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಾಳೆ.” ಸಾಕಾ?

ರೈಲುಮಾಮ

ಸಾಕು. ಫ್ಲಾರೆನ್ಸ್ ಪತ್ರ ಹಾಕಿದಾಗ ಮತ್ತೆ ಬರ್ತೀನಿ.